ದಿಟ್ಟಿಸುವ ಸಕ್ಕರೆ ಗೊಂಬೆ

ಪಾಕ ತುಂಬಿದ ಅಚ್ಚನ್ನು ಮಗುಚಿ ಝಕಿಯ್ಯಾ ಉಸಿರು ಬಿಗಿಹಿಡಿಯುತ್ತಾರೆ. ಗಟ್ಟಿಯಾಗದೆ ಉಳಿದ ಪಾಕ ತಪ್ಪಲೆಗೆ ಇಳಿಯುತ್ತದೆ. ಹಗ್ಗ ಬಿಚ್ಚಿ ಮರದ ಎರಡು ಹೋಳುಗಳನ್ನು ಬಿಡಿಸಿದರೆ, ಮುಂಜಾನೆಯ ಮಸುಕಿನಲ್ಲಿ ಗುಲಾಬಿ ಬಣ್ಣದ ಟೊಳ್ಳು ಹೆಂಗಸೊಬ್ಬಳು ನೆಟ್ಟಗೆ ನೋಡುತ್ತಾಳೆ.

ಕೈರೋದ ಈ ಓಣಿಯಲ್ಲಿ ಮಿಲಾದ್ ಹಬ್ಬದ ಸಕ್ಕರೆ ಗೊಂಬೆ ಎಂದರೆ ಕಣ್ಣು ತಗ್ಗಿಸಿ ನಿಂತ ಮದುಮಗಳು. ಸೊಂಟ ಒಂದು ಹಿಡಿ. ಮದುವೆಯಾಗಿ ಬಂದಾಗಿನಿಂದ ಝಕಿಯ್ಯಾ ಮಾವನ ಅಚ್ಚಿನಲ್ಲಿ ಅವಳನ್ನೇ ಹೊಯ್ದವರು. ಗಂಡ ತೀರಿಕೊಂಡ ಮೇಲೆ ತಾವೇ ಉಳಿ ಹಿಡಿದು ಹೊಸ ಅಚ್ಚು ಕೆತ್ತಿದರು. ಇವರ ಗೊಂಬೆಗೆ ಪೀಪಾಯಿಯಂಥ ಸೊಂಟ, ಮುಖಕ್ಕಿಂತ ದೊಡ್ಡ ಅಂಗೈ, ಜೋತುಬಿದ್ದ ಭುಜ. ಕಣ್ಣುಗಳೇ ಅರ್ಧ ಮುಖ ನುಂಗಿವೆ.

"ಹಂಡೆ ಎತ್ತಿ ಎತ್ತಿ ನನ್ನ ಬಲಭುಜ ಬಿದ್ದುಹೋಗಿದೆ. ಅದನ್ನೇ ಕೆತ್ತೋಕೆ ಹೋದೆ. ಅಚ್ಚಲ್ಲಿ ಎಲ್ಲ ತಿರುಗಾಮುರುಗಾ ಅನ್ನೋದು ಮರೆತು ಅವಳಿಗೆ ಎಡಭುಜ ಬಿತ್ತು. ಇರಲಿ, ಆ ಕಡೆಯಿಂದ ಅವಳು ಎತ್ತಲಿ."

ನಗುವುದಕ್ಕೂ ಝಕಿಯ್ಯಾಗೆ ಆಯಾಸ.

"ಗಂಡಸರು ಗೊಂಬೆ ಸೊಂಟ ಸವರಿ 'ಮೊದಲು ಇಲ್ಲಿಂದ ತಿನ್ನೋಣ' ಅಂತ ನಗ್ತಿದ್ರು. ಹಾಗೆ ನಗ್ತಾನೇ ಗಲ್ಲಾದಲ್ಲಿ ಕೂತ ನನ್ನ ಮಗಳು ಸಬಾಹ್ ಕಡೆ ನೋಡೋರು. ಈಗ ಸವರೋಕೆ ಬಂದವನನ್ನ ಗೊಂಬೆನೇ ನೋಡುತ್ತೆ. ಕೈ ತಾನಾಗೇ ಹಿಂದಕ್ಕೆ ಹೋಗುತ್ತೆ."

ಕೈಯ ಜೊತೆ ಗಿರಾಕಿಯೂ ಹಿಂದಕ್ಕೆ ಹೋಗುತ್ತಾನೆ. ಹೋದ ಹಬ್ಬದಲ್ಲಿ ಉಳಿದ ಗೊಂಬೆಗಳನ್ನು ಮತ್ತೆ ಕರಗಿಸಬೇಕಾಯಿತು. ಈ ಸಲವೂ ಮಾರಾಟವಾಗದಿದ್ದರೆ ಒಲೆ ಆರಿಸಿ ಬಾಗಿಲು ಹಾಕುವುದೇ.

ಬಿಸಿಲೇರುವ ಮೊದಲೇ ಸಗಟು ವ್ಯಾಪಾರಿ ಹಾಜಿ ಬಯೂಮಿ ಬರುತ್ತಾರೆ. ಗೊಂಬೆಯೊಂದನ್ನು ಎತ್ತಿ ಮೂಗು ಮುರಿಯುತ್ತಾರೆ.

"ಸಬಾಹ್ ತಾಯಿ, ಇವಳನ್ನ ಯಾರಮ್ಮ ಮದುವೆ ಆಗ್ತಾರೆ?"

"ಅವಳೇನು ನಿಮ್ಮನ್ನ ಕೇಳಿಲ್ಲವಲ್ಲ ಹಾಜಿ."

ಹಾಜಿ ನಗುತ್ತಾರೆ. ಹಾಗೇ ಮಾತಾಡುತ್ತ ಗೊಂಬೆಯ ಮುಖವನ್ನು ಗೋಡೆಯ ಕಡೆ ತಿರುಗಿಸಿ ಇಡುತ್ತಾರೆ. ತಾವು ಹಾಗೆ ಮಾಡಿದ್ದು ಅವರಿಗೇ ಗೊತ್ತಾದಂತಿಲ್ಲ.

"ನೋಡು, ಪ್ಲಾಸ್ಟಿಕ್ ಗೊಂಬೆಯವರು ನನ್ನ ಬಾಗಿಲಲ್ಲೇ ಕೂತಿದ್ದಾರೆ. ಆದರೂ ನಿನ್ನ ಮಾವನ ಮುಖ ನೋಡಿ ಬಂದೆ. ಸೊಂಟ ಹೇಗಾದ್ರೂ ಇರಲಿ, ಕೈ ಹೇಗಾದ್ರೂ ಇರಲಿ. ಕಣ್ಣು ಮಾತ್ರ ಕೆಳಗೆ ಮಾಡಿಬಿಡು. ಈ ಹಬ್ಬದ್ದಷ್ಟೂ ನಾನೇ ತಗೊಳ್ತೀನಿ."

ಝಕಿಯ್ಯಾ ಮಣೆಯ ಮೇಲೆ ಕುಸಿದು ಮಂಡಿ ನೀವಿಕೊಳ್ಳುತ್ತಾರೆ. ಒಲೆಯ ಮೇಲಿನ ಪಾಕ ನೊರೆಯೇಳುತ್ತಿದೆ.

"ಆಗಲ್ಲ," ಎನ್ನುತ್ತಾರೆ ಝಕಿಯ್ಯಾ.