ನೋಡುವುದಷ್ಟೇ ನನ್ನ ಕೆಲಸ

ಗಣಿ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ಆ ವರ್ಷಗಳಲ್ಲಿ ನಾನು ಹೊಸಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವ ಕೆಲಸಕ್ಕಿದ್ದೆ. ಎದೆನೋವೆಂದು ಬಂದವರ ಎದೆಗೆ ತಣ್ಣನೆಯ ಜೆಲ್ ಹಚ್ಚಿ, ವೈರು ಸಿಕ್ಕಿಸಿ, ಕಾಗದ ಹರಿದು ಡಾಕ್ಟರ ಕೈಗೆ ಕೊಡುವುದು. ಹೃದಯದ ಸ್ಕ್ಯಾನ್ ಮಾಡುವ ಎಕೋ ಕೋಣೆಯಲ್ಲೂ ಅವರ ಸಹಾಯಕ್ಕೆ ನಿಲ್ಲುತ್ತಿದ್ದೆ.

ಆಕೆಯನ್ನು ಕರೆತಂದದ್ದು ಒಂದು ಸಂಜೆ. ಕುರೆಕುಪ್ಪದ ಹತ್ತಿರ ರಸ್ತೆ ಬದಿಯಲ್ಲಿ ಅಕ್ಕತಂಗಿ ಇಬ್ಬರು ಖಾನಾವಳಿ ನಡೆಸುತ್ತಿದ್ದರು. ಲಾರಿ ಡ್ರೈವರುಗಳಿಗೆ, ಫ್ಯಾಕ್ಟರಿಯವರಿಗೆ ಜೋಳದ ರೊಟ್ಟಿ, ಪಲ್ಯ. ಅಕ್ಕ ರೊಟ್ಟಿ ಬಡಿಯುವವಳು, ತಂಗಿ ಊಟಕ್ಕೆ ಬಡಿಸುವವಳು. ಗಂಡ ಬಿಟ್ಟ ಅಕ್ಕ, ಮದುವೆಯಾಗದ ತಂಗಿ, ಒಬ್ಬರಿಗೊಬ್ಬರೇ ಗತಿ. ಆವತ್ತು ಮಧ್ಯಾಹ್ನ ಆಚೆ ಬದಿಯ ನಲ್ಲಿಯಿಂದ ನೀರು ತರುತ್ತಿದ್ದ ತಂಗಿಯ ಮೇಲೆ ಅದಿರಿನ ಲಾರಿ ಹಾಯ್ದಿತ್ತು. ಅಕ್ಕ ಅಳಲಿಲ್ಲವಂತೆ. ಹಿಟ್ಟಿನ ಕೈಯಲ್ಲೇ ಓಡಿಹೋಗಿ ನೋಡಿ, ಹೊಳ್ಳಿ ಬಂದು ಒಲೆ ಆರಿಸಿ, ಆಮೇಲೆ ಎದೆ ಹಿಡಿದುಕೊಂಡು ಕುಸಿದಳಂತೆ.

ಇಸಿಜಿ ನೋಡಿದರೆ ದೊಡ್ಡ ಹೃದಯಾಘಾತ. ಆದರೆ ಹುಬ್ಬಳ್ಳಿಗೆ ಕಳಿಸಿ ಆಂಜಿಯೋಗ್ರಾಮ್ ಮಾಡಿಸಿದಾಗ ರಕ್ತನಾಳಗಳಲ್ಲಿ ಎಲ್ಲೂ ಅಡ್ಡಿ ಇರಲಿಲ್ಲ. ಎಕೋದಲ್ಲಿ ಹೃದಯದ ತುದಿ ಮಾತ್ರ ಗಡಿಗೆಯ ತಳದಂತೆ ಗುಂಡಗೆ ಉಬ್ಬಿ, ಮಿಸುಕದೆ ನಿಂತಿತ್ತು. ದುಃಖದ ಹೊಡೆತಕ್ಕೆ, ಭಯದ ಹೊಡೆತಕ್ಕೆ ಹೃದಯದ ಸ್ನಾಯು ಹೀಗೆ ಸೋತು ನಿಲ್ಲುವುದುಂಟು, ಕೆಲ ವಾರಗಳಲ್ಲಿ ತಾನಾಗಿಯೇ ಮೊದಲಿನಂತಾಗುತ್ತದೆ ಎಂದು ನಮ್ಮ ಡಾಕ್ಟರು ವಿವರಿಸಿದರು. ಹಾಗೆ ಸರಿಹೋದವರಿಗೆ ಮುಂದೆ ವರ್ಷಗಳುದ್ದಕ್ಕೂ ಏನಾಗುತ್ತದೆಂದು ತಿಳಿಯುವ ಆಸೆ ಅವರಿಗಿತ್ತು. ಅಂಥ ಕೆಲವು ಹೆಂಗಸರ ಹೆಸರಿರುವ ರಿಜಿಸ್ಟರೊಂದನ್ನು ಇಟ್ಟಿದ್ದರು. ಆರು ತಿಂಗಳಿಗೊಮ್ಮೆ ಅವರ ಮನೆಗೆ ಹೋಗಿ, ಇಸಿಜಿ ತೆಗೆದು, ಪ್ರಶ್ನೆ ಕೇಳಿ ಫಾರಂ ತುಂಬುವುದು ನನ್ನ ಪಾಲಿಗೆ ಬಂತು. ಮಾತ್ರೆ ಕೊಡುವುದು ಇದ್ದೇ ಇದೆ, ಉಳಿದದ್ದರಲ್ಲಿ ನಾವು ಕೈ ಹಾಕುವುದಿಲ್ಲ, ನೋಡುವುದಷ್ಟೇ ಎಂದರು.

ಮೊದಲ ಭೇಟಿಗೆ ಮುಂಚೆ ಆಸ್ಪತ್ರೆಯಲ್ಲಿ ತೆಗೆದ ಎಕೋದಲ್ಲಿ ಆಕೆಯ ಹೃದಯ ಪೂರ್ತಿ ಸರಿಹೋಗಿತ್ತು. ಆ ಸುದ್ದಿ ಹೇಳಲು ನಾನು ಉತ್ಸಾಹದಲ್ಲಿ ಹೋಗಿದ್ದೆ. ಖಾನಾವಳಿ ಮತ್ತೆ ಶುರುವಾಗಿತ್ತು. ತಗಡಿನ ಮೇಲೆ, ನೀರಿನ ಕೊಡದ ಮೇಲೆ, ಆಕೆಯ ಹುಬ್ಬಿನ ಮೇಲೆ ಕೆಂಪು ಧೂಳು. ಆಕೆ ನನ್ನ ಮಾತನ್ನೆಲ್ಲ ಕೇಳಿಸಿಕೊಂಡಳು.

“ಎದಿ ಸರಿ ಹೋಗೇತಿ ಅಂತೀರಿ ಮೇಡಂ. ಹಂಗಾದ್ರ ನಂಗ್ಯಾಕ ಉಸ್ರು ಸಾಲವಲ್ದು?”

ಫಾರಂನಲ್ಲಿ ಮುಂದಿನ ಪ್ರಶ್ನೆ ಮೆಟ್ಟಿಲು ಹತ್ತುವಾಗ ಆಯಾಸವಾಗುತ್ತದೆಯೇ ಎಂಬುದಾಗಿತ್ತು. ಅಲ್ಲೆಲ್ಲೂ ಮೆಟ್ಟಿಲಿರಲಿಲ್ಲ. ‘ಇಲ್ಲ’ ಎಂದು ಬರೆದುಕೊಂಡೆ. ನನ್ನ ವಯಸ್ಸಿನ ಹುಡುಗಿಯರನ್ನು ಅಲ್ಲಿ ಎಲ್ಲರೂ ‘ತಂಗಿ’ ಎಂದೇ ಕರೆಯುತ್ತಾರೆ. ಆಕೆ ಮಾತ್ರ ಕೊನೆಯವರೆಗೂ ನನ್ನನ್ನು ಮೇಡಂ ಎಂದೇ ಕರೆದಳು.

ಹೋದಾಗೆಲ್ಲ ಬಿಸಿ ರೊಟ್ಟಿ ಹಾಕಿ ಕೂರಿಸುತ್ತಿದ್ದಳು. ದೊಡ್ಡ ಗಾಡಿ ಹಾರ್ನ್ ಹೊಡೆದರೆ ಬಡಿಯುವ ಕೈ ನಿಂತುಬಿಡುತ್ತಿತ್ತು; ಗಾಡಿ ದಾಟಿದ ಮೇಲೆ ಮತ್ತೆ ಬಡಿತ. ಆ ರಸ್ತೆಯಲ್ಲಿ ದಿನಕ್ಕೆ ಎಷ್ಟು ಸಲ ಆ ಕೈ ನಿಲ್ಲುತ್ತದೋ ಎಂದು ಕೂತಲ್ಲೇ ಯೋಚಿಸುತ್ತಿದ್ದೆ. ಅದನ್ನು ಬರೆಯಲು ಫಾರಂನಲ್ಲಿ ಜಾಗವಿರಲಿಲ್ಲ. ಆಕೆ ಆ ಜಾಗ ಬಿಡಬೇಕೆಂದು ಡಾಕ್ಟರ ಹತ್ತಿರ ಹೇಳಿದೆ. ಅವರು ಆಕೆಯನ್ನು ಕರೆಸಿ, ಸ್ವಲ್ಪ ದಿನ ಬೇರೆ ಕಡೆ ಇರಲು ತಿಳಿಹೇಳಿದರು. ಎಮ್ಮಿಗನೂರಿನಲ್ಲಿ ಆಕೆಯ ತಮ್ಮನ ಮನೆಯಿತ್ತು, ಅಲ್ಲಿಗೆ ಹೋದಳು. ಸುತ್ತ ಭತ್ತದ ಗದ್ದೆ, ಗದ್ದಲವಿಲ್ಲ. ನಾನು ಬಸ್ಸು ಹಿಡಿದು ಅಲ್ಲಿಗೂ ಹೋದೆ. ನಾಡಿ ಇಳಿದಿತ್ತು, ನಿದ್ದೆ ಬರುತ್ತಿತ್ತು. ಆದರೆ ಮೂರೇ ತಿಂಗಳಲ್ಲಿ ಕುರೆಕುಪ್ಪಕ್ಕೆ ವಾಪಸಾದಳು. ಯಾಕೆಂದು ಕೇಳಿದ್ದಕ್ಕೆ ಹೇಳಿದಳು:

“ಆಕಿ ಇಲ್ಲೇ ಸತ್ತಾಳ್ರಿ. ನಾ ಅಲ್ಲಿ ಹೆಂಗ ಇರ್ಲಿ?”

ಮರುವರ್ಷ ಬೇಸಿಗೆಯಲ್ಲಿ, ಅದೇ ನಲ್ಲಿಯ ಹತ್ತಿರ, ಸಂಡೂರಿನ ಕಡೆಯಿಂದ ಗಣಿ ಕೂಲಿಗೆ ಬಂದಿದ್ದ ಹೆಂಗಸೊಬ್ಬಳು ಲಾರಿಗೆ ಸಿಕ್ಕಳು. ಈಕೆಗೆ ಅವಳ ಗುರುತೂ ಇರಲಿಲ್ಲ. ಆದರೂ ಒಲೆಯ ಮುಂದೆಯೇ ಬಿದ್ದಳು. ಮತ್ತೆ ನಮ್ಮ ಆಸ್ಪತ್ರೆ, ಮತ್ತೆ ಎಕೋ. ಪರದೆಯ ಮೇಲೆ ಅದೇ ಗುಂಡು ತಳ ಕಂಡಾಗ ಡಾಕ್ಟರು ಕುರ್ಚಿಯಿಂದ ಎದ್ದು ನಿಂತರು. ಎರಡನೇ ಸಲ ಬರುವುದು ಅಪರೂಪವೆಂದು ಅವರೇ ಹಿಂದೆ ಹೇಳಿದ್ದರು. ಚಿತ್ರ ಚೆನ್ನಾಗಿ ಉಳಿಸಿಕೋ ಎಂದರು. ಅವರ ದನಿಯಲ್ಲಿ ಖುಷಿಯಿತ್ತು. ಅವರದೇಕೆ, ನನ್ನ ಎದೆಯೂ ಒಂದು ಕ್ಷಣ ಹಿಗ್ಗಿತ್ತು. ನಮ್ಮ ರಿಜಿಸ್ಟರಿಗೆ ದೊಡ್ಡ ಕೇಸೊಂದು ಸಿಕ್ಕಿತೆಂದು. ಕೆಳಗೆ ನೋಡಿದರೆ ಆಕೆ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು. ಆ ನೋಟದಿಂದ ನಾನಿನ್ನೂ ತಪ್ಪಿಸಿಕೊಂಡಿಲ್ಲ.

ಆ ಸಲ ಹೃದಯ ಪೂರ್ತಿ ಹಳೆಯ ಸ್ಥಿತಿಗೆ ಬರಲಿಲ್ಲ. ಪ್ರತಿ ಭೇಟಿಗೂ ಅದರ ಬಲ ಸ್ವಲ್ಪ ಸ್ವಲ್ಪ ಇಳಿಯುತ್ತಲೇ ಹೋಯಿತು. ಕಾಲು ಊದುತ್ತಿದ್ದವು, ರೊಟ್ಟಿ ಬಡಿಯುವುದನ್ನು ಕೂತೇ ಮಾಡುತ್ತಿದ್ದಳು. ಒಮ್ಮೆ ನಾನು ವೈರು ತೆಗೆಯುತ್ತಿದ್ದಾಗ ಸಿಟ್ಟಿಲ್ಲದೆ ಕೇಳಿದಳು:

“ಬರ್ತೀರಿ, ನೋಡ್ತೀರಿ, ಬರ್ಕೊಂಡು ಹೋಗ್ತೀರಿ. ಇದ್ರಿಂದ ಯಾರಿಗಾರ ಏನಾರ ಆಗ್ತೈತೇನ್ರಿ?”

ಮುಂದೆ ಬರುವವರಿಗೆ ಆಗುತ್ತದೆ ಅಕ್ಕ ಎಂದೆ. ಆಕೆ ತಲೆಯಾಡಿಸಿ, ರೊಟ್ಟಿ ಆರುತ್ತದೆ, ತಿನ್ನಿ ಎಂದಳು.

ಅಷ್ಟರಲ್ಲಿ ಡಾಕ್ಟರು ದೂರದ ದೊಡ್ಡ ಆಸ್ಪತ್ರೆಯೊಂದಕ್ಕೆ ಹೊರಟುಹೋದರು. ರಿಜಿಸ್ಟರು ಅವರ ಜೊತೆ ಹೋಯಿತು, ಫಾರಂಗಳನ್ನು ಅಂಚೆಯಲ್ಲಿ ಕಳಿಸುತ್ತಿರು ಎಂದರು. ಆಸ್ಪತ್ರೆಯವರು ಹೊರಗಿನ ಓಡಾಟಕ್ಕೆ ರಜೆ ಕೊಡುವುದನ್ನು ನಿಲ್ಲಿಸಿದರು. ನಾನೂ ಒಂದು ಭೇಟಿ ತಪ್ಪಿಸಿದೆ. ಇನ್ನೊಂದಕ್ಕೆ ಭಾನುವಾರ ನೋಡಿ ಹೋದಾಗ ಖಾನಾವಳಿಯ ಜಾಗದಲ್ಲಿ ಪಂಕ್ಚರ್ ಅಂಗಡಿ ಇತ್ತು. ಆಕೆ ತೀರಿಹೋಗಿ ಬಹಳ ದಿನವಾಯಿತೆಂದು ಅಂಗಡಿಯವನು ಹೇಳಿದ. ಬೆಳಿಗ್ಗೆ ಹಿಟ್ಟು ನಾದುತ್ತ ಕೂತಲ್ಲೇ ಒರಗಿದ್ದಳಂತೆ. ಆಸ್ಪತ್ರೆಗೆ ಯಾರೂ ಒಯ್ದಿರಲಿಲ್ಲ. ಯಾವ ದಿನವೆಂದು ಅವನಿಗೆ ನೆನಪಿರಲಿಲ್ಲ. ಕೇಳೋಣವೆಂದರೆ ಎಮ್ಮಿಗನೂರಿನ ತಮ್ಮ ದುಡಿಯಲು ಬೇರೆಲ್ಲೋ ಹೋಗಿದ್ದ.

ಡಾಕ್ಟರಿಗೆ ಫೋನು ಮಾಡಿದೆ. ಆಕೆ ಹೋದಳೆಂದೆ. ಅವರು ಸತ್ತ ದಿನಾಂಕ ಕೇಳಿದರು, ಕಾರಣದ ಕಾಗದವೇನಾದರೂ ಇದೆಯೇ ಎಂದರು. ಎರಡೂ ಇಲ್ಲವೆಂದೆ.

“ಹಂಗಾದ್ರ ಸತ್ತಾಳಂತ ಬರಿಯಾಕ ಬರೂದಿಲ್ಲವ್ವಾ. ಸಂಪರ್ಕಕ್ಕ ಸಿಗಲಿಲ್ಲ ಅಂತ ಬರಿ.”

ಕೊನೆಯ ಫಾರಂ ತೆಗೆದು ಹಾಗೆಯೇ ಬರೆದು, ಅಂಚೆಗೆ ಹಾಕಿದೆ.