ಗಿರಣಿ ಮಾಮನ ಕೆಂಪು ಚುಕ್ಕಿ

ಬೆಳಗಿನ ಆರೂಮುಕ್ಕಾಲು. ಓಟದ ಮೈದಾನದ ಮೂಲೆಯಲ್ಲಿ, ಉದ್ದಜಿಗಿತದ ಮರಳುಗುಂಡಿಯ ಪಕ್ಕ, ಅರವತ್ತೆಂಟು ವರ್ಷದ ಒಬ್ಬರು ಮೊಣಕಾಲೂರಿ ಕೂತಿದ್ದಾರೆ. ಷರ್ಟಿನೊಳಗೆ ಕೈ ತೂರಿಸಿ, ಕಂಕುಳ ಕೆಳಗಿನ ಜೇಬಿನಿಂದ ಒಂದೊಂದೇ ಪೆನ್ಸಿಲ್ ಸೆಲ್ ತೆಗೆಯುತ್ತಿದ್ದಾರೆ. ಒಟ್ಟು ಎಂಟು. ನಾನು ಮಂಕಿ ಟೋಪಿಯೊಳಗಿಂದಲೇ ಆಕಳಿಸುತ್ತ ಏನಿದು ಎಂದು ಕೇಳುತ್ತೇನೆ.

"ಚಳಿಗೆ ಸೆಲ್ ಸೋತು ಹೋಗ್ತವೆ ಸಾರ್. ಮೈ ಬಿಸಿ ತಾಗಿದ್ರೇನೇ ಕೆಲಸ ಮಾಡ್ತವೆ. ನನ್ ಥರಾನೇ," ಎನ್ನುತ್ತಾರೆ.

ಆ ಎಂಟು ಸೆಲ್ಲುಗಳು ಹೋಗುವುದು ಅವರ ಹಳೆಯ ಫಿಲ್ಮ್ ಕ್ಯಾಮೆರಾದ ಬುಡಕ್ಕೆ ತಿರುಪು ಹಾಕಿ ಬಿಗಿದ ಇನ್ನೊಂದು ಪೆಟ್ಟಿಗೆಗೆ. ಅದರ ಹೆಸರು ಮೋಟಾರ್ ಡ್ರೈವ್. ಗುಂಡಿ ಒತ್ತಿ ಹಿಡಿದರೆ ಸಾಕು, ಅದೇ ಫಿಲ್ಮನ್ನು ಎಳೆದೆಳೆದು ಸೆಕೆಂಡಿಗೆ ಐದು ಚಿತ್ರ ತೆಗೆಯುತ್ತದೆ. ಎರಡೂ ಸೇರಿದರೆ ಒಂದೂವರೆ ಕಿಲೋ ಭಾರ. ಸದ್ದಂತೂ ಹಿಟ್ಟಿನ ಗಿರಣಿಯದು. ಹಾಗಾಗಿಯೇ ಮೈದಾನಕ್ಕೆ ಬರುವವರಿಗೆಲ್ಲ ಇವರು ಗಿರಣಿ ಮಾಮ. ನಿಜವಾದ ಹೆಸರು ಕೇಳಿದರೆ ಕಾವಲುಗಾರ ಕೂಡ ತಲೆ ಕೆರೆದುಕೊಳ್ಳುತ್ತಾನೆ.

ಉದ್ದಜಿಗಿತದ ಹುಡುಗಿ ಓಡಲು ಸಜ್ಜಾಗುತ್ತಾಳೆ. ಮಾಮ ತುಟಿಯಲ್ಲೇ ಅವಳ ಹೆಜ್ಜೆ ಎಣಿಸುತ್ತಾರೆ. ಅವಳದು ಹದಿನೇಳು ಹೆಜ್ಜೆಯ ಓಟ. ಹದಿನೈದಕ್ಕೆ ಬೆರಳು ಒತ್ತುತ್ತದೆ. ಟರ್ರ್ರ್ ಎಂದು ಒಂದು ಸೆಕೆಂಡಿನ ಮೇಲೆ ತುಸು, ಅಷ್ಟೇ. ಹುಡುಗಿ ಮರಳಿನಲ್ಲಿ ಕೂತಿದ್ದಾಳೆ, ಕ್ಯಾಮೆರಾದೊಳಗೆ ಆರು ಚಿತ್ರ ಕೂತಿವೆ. ಓಟದ ಕೊನೆಯ ಹೆಜ್ಜೆ, ಜಿಗಿಯುವ ಗೆರೆಯ ಹಲಗೆ ಮೆಟ್ಟಿದ ಪಾದ, ಗಾಳಿಯಲ್ಲಿ ದೇಹ, ಎಲ್ಲವೂ ಅದರಲ್ಲಿ ಬಂದಿರುತ್ತವೆ.

"ಮೋಟಾರ್ ಇದ್ರೆ ಎಲ್ಲ ತಾನಾಗೇ ಸಿಗತ್ತೆ ಅಂತ ಜನ ಅನ್ಕೋತಾರೆ. ಎಲ್ಲಿ ಸಿಗತ್ತೆ? ಒಂದು ಚಿತ್ರಕ್ಕೂ ಇನ್ನೊಂದಕ್ಕೂ ಮಧ್ಯ ಸಂದಿ ಇರತ್ತಲ್ಲ, ಪಾದ ಆ ಸಂದೀಲೇ ಬಿದ್ದು ಹೋಗ್ಬಿಡತ್ತೆ. ಎಣಿಸ್ಲೇಬೇಕು."

ವಾರಕ್ಕೆ ಮೂರು ಮುಂಜಾನೆ, ಮುಂಜಾನೆಗೊಂದು ರೋಲು, ರೋಲಿಗೆ ಆರು ಜಿಗಿತ. ಇಪ್ಪತ್ತಾರು ವರ್ಷದಿಂದ ಇದೇ ಲೆಕ್ಕ. ಮರುದಿನ ಆ ಚಿತ್ರಗಳೆಲ್ಲ ಒಂದೇ ಹಾಳೆಯ ಮೇಲೆ, ಅಂಚೆಚೀಟಿಗಿಂತ ತುಸು ದೊಡ್ಡದಾಗಿ, ಸಾಲಾಗಿ ಅಚ್ಚಾಗಿ ತರಬೇತುದಾರರ ಕೈ ಸೇರುತ್ತವೆ. ಅವರು ಭೂತಗನ್ನಡಿ ಹಿಡಿದು ಶಿಷ್ಯೆಯ ಪಾದ ನೋಡುತ್ತಾರೆ. ಫೋನಿನಲ್ಲೇ ವಿಡಿಯೊ ಬರುತ್ತದಲ್ಲ ಎಂದು ನಾನು ಅಂದೆ. "ಫೋನ್‌ನಲ್ಲಿ ತೋರಿಸಿದ್ರೆ ಇವ್ಳು ನೋಡಿ ಮರೆತುಬಿಡ್ತಾಳೆ. ಹಾಳೆ ಆದ್ರೆ ಗೋಡೆಗೆ ಅಂಟಿಸ್ಕೊಂಡು ಹಲ್ಲುಜ್ಜೋವಾಗ್ಲೂ ನೋಡ್ತಾಳೆ," ಎಂದರು ತರಬೇತುದಾರರು. ಹುಡುಗಿ ನಕ್ಕು ತಲೆಯಾಡಿಸಿದಳು.

ಮಾಮನ ಮನೆ ಮೈದಾನದಿಂದ ಹತ್ತು ನಿಮಿಷದ ನಡಿಗೆ. ಎರಡು ಕೋಣೆ, ಒಂದು ಹೊಲಿಗೆ ಯಂತ್ರ, ಕಿಟಕಿಗೆ ಕಪ್ಪು ಬಟ್ಟೆ ಹೊಡೆದ ಬಚ್ಚಲು. ಫಿಲ್ಮ್ ತೊಳೆಯುವುದು ಅಲ್ಲೇ, ತೊಳೆಯುವವರು ಅವರ ಹೆಂಡತಿ. ಬಟ್ಟೆ ಹೊಲಿಯುವುದು ಆಕೆಯ ಕಸುಬು. ಕಂಕುಳ ಜೇಬು ಹೊಲಿದುಕೊಟ್ಟವರೂ ಅವರೇ.

"ಫ್ರಿಜ್ ತೆಗೆದು ನೋಡಿ, ತರಕಾರಿ ತಟ್ಟೆ ತುಂಬ ಫಿಲ್ಮೇ. ಒಂದ್ಸಲ ಬಂದ ನೆಂಟರು ಬಿಸ್ಕತ್ ಡಬ್ಬಿ ಅಂತ ಮುಚ್ಚಳ ತೆಗೆದ್ರು. ನೂರು ಅಡಿ ಫಿಲ್ಮ್ ಬೆಳಕಿಗೆ ಸಿಕ್ಕಿ ಎಕ್ಕುಟ್ಟೋಯ್ತು. ಇವ್ರು ಎರಡು ದಿನ ಊಟ ಬಿಟ್ಟಿದ್ರು," ಎಂದು ಆಕೆ ನಗುತ್ತ ಗಂಡನ ಮುಖ ನೋಡುತ್ತಾರೆ.

"ಒಂದೇ ದಿನ," ಎಂದು ಮಾಮ ತಿದ್ದುತ್ತಾರೆ.

ನಾನು ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ನೋಡಿದೆ. ಬಣ್ಣ ಸವೆದು ಮೂಲೆಗಳಲ್ಲಿ ಹಿತ್ತಾಳೆ ಇಣುಕಿದೆ. ನಮ್ಮ ಮದುವೆಯ ಫಿಲ್ಮ್ ತೊಳೆದು ಬರಲು ಹನ್ನೊಂದು ದಿನ ಕಾದದ್ದು ನೆನಪಾಯಿತು. ಲಕೋಟೆ ಬಿಚ್ಚುವಾಗಿನ ಆ ಪುಕಪುಕ ಈಗ ಎಲ್ಲಿ ಹೋಯಿತೋ. ಆಗಲೇ ಕಂಡದ್ದು, ಕ್ಯಾಮೆರಾದ ಎಡ ತುದಿಯಲ್ಲಿ ಫಿಲ್ಮ್ ಹಿಂದಕ್ಕೆ ಸುತ್ತುವ ತಿರುಗಣೆ. ಅದರ ಮೇಲೆ ಸಾಸಿವೆಯಷ್ಟು ಕೆಂಪು ಚುಕ್ಕಿ.

"ನನ್ ಉಗುರಿನ ಬಣ್ಣ," ಎಂದರು ಹೆಂಡತಿ. "ಮೂವತ್ತು ವರ್ಷದಿಂದ ಹಚ್ತಾ ಇದೀನಿ. ನನ್ ಉಗುರಿಗಿಂತ ಅದಕ್ಕೇ ಜಾಸ್ತಿ ಖರ್ಚಾಗಿದೆ." ಈ ಸಲ ಅವರ ಮುಖದಲ್ಲಿ ನಗು ಇರಲಿಲ್ಲ.

ಕತೆಯನ್ನು ಮಾಮನೇ ಹೇಳಿದರು. ಮೂವತ್ತು ವರ್ಷದ ಹಿಂದೆ ಅವರು ಪತ್ರಿಕೆಗಳಿಗೆ ಆಟೋಟದ ಚಿತ್ರ ತೆಗೆಯುತ್ತಿದ್ದರು. ಮೋಟಾರ್ ಹೊಸದು, ಹುರುಪೂ ಹೊಸದು. ಒಂದು ದೊಡ್ಡ ಕೂಟ, ಉದ್ದಜಿಗಿತದ ಕೊನೆಯ ಸುತ್ತು. ಇಪ್ಪತ್ತೆರಡರ ಯುವಕನೊಬ್ಬ ಓಡಲು ನಿಂತಿದ್ದಾನೆ. ಗೆದ್ದರೆ ತಂಡದಲ್ಲಿ ಜಾಗ, ಸೋತರೆ ಮನೆ. ಅಷ್ಟರಲ್ಲಿ ಮಾಮನ ರೋಲು ಮುಗಿಯಿತು. ಮೋಟಾರಿನ ಹೊಟ್ಟೆಬಾಕತನವೇ ಹಾಗೆ, ಮೂವತ್ತಾರು ಚಿತ್ರವನ್ನು ಏಳು ಸೆಕೆಂಡಿನಲ್ಲಿ ನುಂಗಿಬಿಡುತ್ತದೆ. ಗಡಿಬಿಡಿಯಲ್ಲಿ ಹೊಸ ರೋಲು ತುಂಬಿ ಮುಚ್ಚಳ ಒತ್ತಿದರು. ಯುವಕ ಜಿಗಿದ. ಅಲ್ಲಿದ್ದವರೆಲ್ಲ ಎದ್ದು ನಿಲ್ಲುವಂಥ ಜಿಗಿತ. ಆದರೆ ಹಲಗೆಯ ಪಕ್ಕದ ತೀರ್ಪುಗಾರರು ಕೆಂಪು ಬಾವುಟ ಎತ್ತಿದರು. ಪಾದ ಗೆರೆ ದಾಟಿದೆ, ಜಿಗಿತ ಲೆಕ್ಕಕ್ಕಿಲ್ಲ ಎಂದರು. ಯುವಕ ಕೂಗಾಡಿದ. ಆ ಫೋಟೊದವ್ರು ತೆಗೆದಿದಾರೆ, ಬೇಕಾದ್ರೆ ನೋಡಿ ಎಂದ. ಸಂಜೆಯೊಳಗೆ ಚಿತ್ರ ತನ್ನಿ, ನೋಡೋಣ ಎಂದರು ಆಯೋಜಕರು.

"ನಾನೇ ತೊಳೆದದ್ದು," ಎನ್ನುತ್ತಾರೆ ಹೆಂಡತಿ. "ಬೆಳಕಿಗೆ ಹಿಡಿದ್ರೆ ಗಾಜಿನ ಥರ, ಏನೇನೂ ಇಲ್ಲ. ರೀ, ಬೇರೆ ರೋಲು ಕೊಟ್ಬಿಟ್ರಾ ಅಂತ ಕೇಳಿದೆ. ಇವ್ರು ಬಚ್ಚಲ ಬಾಗಿಲಲ್ಲೇ ಕೂತ್ಬಿಟ್ರು."

ಫಿಲ್ಮಿನ ತುದಿ ಸುರುಳಿಗೆ ಸಿಕ್ಕಿಕೊಂಡೇ ಇರಲಿಲ್ಲ. ಮೋಟಾರ್ ಬರಿದೇ ತಿರುಗಿತ್ತು. "ಕೈಯಲ್ಲಿ ಎಳೆಯೋ ಕ್ಯಾಮೆರಾ ಆಗಿದ್ರೆ ಹೆಬ್ಬೆರಳಿಗೆ ಬಿಗಿ ಗೊತ್ತಾಗ್ತಿತ್ತು. ಮೋಟಾರ್‌ಗೆ ಹೆಬ್ಬೆರಳಿಲ್ವಲ್ಲ ಸಾರ್. ಫಿಲ್ಮ್ ಇದ್ರೂ ಟರ್ರ್ ಅನ್ನತ್ತೆ, ಇಲ್ದಿದ್ರೂ ಟರ್ರ್ ಅನ್ನತ್ತೆ." ಫಿಲ್ಮ್ ಓಡುತ್ತಿದ್ದರೆ ಮಾತ್ರ ಎಡಗಡೆಯ ತಿರುಗಣೆ ತಿರುಗುತ್ತದೆ. ಮರುದಿನವೇ ಅದರ ಮೇಲೆ ಕೆಂಪು ಚುಕ್ಕಿ ಬಿತ್ತು. ಅಂದಿನಿಂದ ರೋಲು ತುಂಬಿದ ಮೇಲೆ ಎರಡು ಸಲ ಖಾಲಿ ಹೊಡೆದು, ಚುಕ್ಕಿ ತಿರುಗುವುದನ್ನು ಕಣ್ಣಾರೆ ನೋಡದೆ ಅವರು ಎದ್ದು ನಿಂತದ್ದಿಲ್ಲ.

ಆ ಯುವಕ ಮಾಮನ ಜೊತೆ ನಾಲ್ಕು ವರ್ಷ ಮಾತು ಬಿಟ್ಟ. ಮುಂದೆ ಈ ಮೈದಾನದಲ್ಲೇ ತರಬೇತುದಾರನಾದ. ಒಂದು ಮುಂಜಾನೆ ಮಾಮ ಯಾರೂ ಕರೆಯದೆ ಬಂದು ಮರಳುಗುಂಡಿಯ ಪಕ್ಕ ಕೂತರು, ಮರುದಿನ ಹಾಳೆ ತಂದುಕೊಟ್ಟರು. ಇವತ್ತಿಗೂ ನಿಲ್ಲಿಸಿಲ್ಲ.

ಎರಡು ದಿನ ಬಿಟ್ಟು ಮತ್ತೆ ಮೈದಾನಕ್ಕೆ ಹೋದೆ. ಐದು ಜಿಗಿತ ಮುಗಿದಿವೆ. ನಿಮಗೆ ಇನ್ನೇನು ಆಸೆ ಇದೆ ಎಂದು, ನಮ್ಮಂಥ ಪತ್ರಿಕೆಯವರು ಕೊನೆಗೆ ಕೇಳುವ ಪ್ರಶ್ನೆಯನ್ನೇ ಕೇಳಿದೆ. ಮಾಮ ಪಕ್ಕದಲ್ಲೇ ನಿಂತಿದ್ದ ತರಬೇತುದಾರರ ಪಾದ ನೋಡುತ್ತ ಹೇಳಿದರು, "ಆ ಒಂದು ಚಿತ್ರ. ಇವ್ನ ಕಾಲು ಹಲಗೆ ದಾಟಿತ್ತೋ ಇಲ್ವೋ. ನನ್ನಿಂದ ಇವ್ನ ಬಾಳು ಹಾಳಾಯ್ತೋ ಇಲ್ವೋ. ಅದೊಂದು ಗೊತ್ತಾದ್ರೆ ಸಾಕು."

"ಇದನ್ನ ಪೇಪರ್‌ನಲ್ಲಿ ಹಾಕ್ತೀರಾ?" ತರಬೇತುದಾರರು ನನ್ನನ್ನು ಕೇಳಿದರು.

ಹಾಕುತ್ತೇನೆ ಎಂದೆ. ಅವರು ಕೈಯಲ್ಲಿದ್ದ ಭೂತಗನ್ನಡಿಯನ್ನು ಎರಡು ಮೂರು ಸಲ ಒರೆಸಿದರು.

"ಹಾಗಾದ್ರೆ ಇದನ್ನೂ ಹಾಕಿ. ಕಾಲು ದಾಟಿತ್ತು. ನೆಗೆಯೋವಾಗ್ಲೇ ನಂಗೆ ಗೊತ್ತಾಗಿತ್ತು, ಕಾಲಿನ ಹೆಬ್ಬೆರಳಿಗೆ ಗೊತ್ತಾಗತ್ತೆ. ಸಿಟ್ಟಲ್ಲಿ ಫೋಟೊ ತನ್ನಿ ಅಂದ್ಬಿಟ್ಟೆ. ಫೋಟೊ ಇಲ್ಲ ಅಂದಾಗ ಬದುಕಿದೆ ಅನ್ನಿಸ್ತು. ಫೋಟೊ ಇದ್ದಿದ್ರೆ ಇವ್ನೇ ಗೆಲ್ತಿದ್ದ ಅಂತ ಎಲ್ರೂ ಅಂದ್ರು. ಕೇಳೋಕೆ ಚೆನ್ನಾಗಿತ್ತು. ಆಮೇಲೆ ನೀವು ವಾರವಾರಾನೂ ಬಂದು ಕೂರೋಕೆ ಶುರು ಮಾಡಿದ್ರಿ. ಹೇಳೋಕೆ ಬಾಯೇ ಬರ್ಲಿಲ್ಲ ಅಣ್ಣ."

ನಿಜ ಹೇಳುತ್ತೇನೆ, ನನಗೆ ಮೈಯೆಲ್ಲ ಉರಿದುಹೋಯಿತು. ಮೂವತ್ತು ವರ್ಷದ ಕೊರಗು, ಇಪ್ಪತ್ತಾರು ವರ್ಷದ ಮುಂಜಾನೆಗಳು. ಮಾಮ ಈಗ ಕ್ಯಾಮೆರಾ ಎತ್ತಿಕೊಂಡು ಹೊರಟುಬಿಡುತ್ತಾರೆ, ಹೋಗಲಿ ಎಂದೇ ಬಯಸಿದೆ. ಅವರು ಷರ್ಟಿನ ತುದಿಯಿಂದ ಕಣ್ಣು ಒರೆಸಿಕೊಂಡರು, ಆಮೇಲೆ ಅದೇ ತುದಿಯಿಂದ ಲೆನ್ಸ್ ಒರೆಸಿದರು.

"ಹೋಗ್ಲಿ ಬಿಡು. ನಿನ್ ಬಾಳು ನನ್ನಿಂದ ಹಾಳಾಗ್ಲಿಲ್ವಲ್ಲ, ಅಷ್ಟು ಸಾಕು," ಎಂದರು ಕೊನೆಗೆ. "ಆದ್ರೆ ನಿನ್ ಕಾಲು ಎಲ್ಲಿ ಬೇಕಾದ್ರೂ ಬಿದ್ದಿರ್ಲಿ, ನನ್ ಚಿತ್ರ ಇರ್ಬೇಕಿತ್ತು. ಫಿಲ್ಮ್ ಸಿಕ್ಕಿಸದೆ ಇದ್ದೋನು ನಾನೇ ತಾನೇ."

ತರಬೇತುದಾರರು ತಲೆ ಎತ್ತಲಿಲ್ಲ. ಮಾಮ ಕ್ಯಾಮೆರಾವನ್ನು ಕಣ್ಣ ಹತ್ತಿರ ತಂದು ಎಣಿಕೆಯ ಅಂಕಿ ನೋಡಿದರು, ಮೊಣಕಾಲೂರಿ ಕೂತರು, ದೂರದಲ್ಲಿ ನಿಂತಿದ್ದ ಹುಡುಗಿಯ ಕಡೆ ಕೈಯೆತ್ತಿದರು.

"ಬಾರಮ್ಮ, ಇನ್ನೂ ಆರು ಉಳಿದಿವೆ."