ನಮಗೊಬ್ಬರಿಗೇ ಲೈನು

ಯಾರಾದರೂ ದರ ಹೇಳತೊಡಗಿದರೆ ಭರಮಪ್ಪ ಕಾಕಾ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮೂಡಲಗಿಯ ಅವರ ಟೈಪಿಂಗ್ ಆಫೀಸಿನಲ್ಲಿ ನಾನು ಕೆಲಸಕ್ಕಿದ್ದೆ. ಸಂಜೆ ಊರೆಲ್ಲ ನೆಟ್ ಹಚ್ಚಿದರೆ ನಮ್ಮ ಫೈಲು ಹೋಗುತ್ತಿರಲಿಲ್ಲ. ಇನ್ನೊಮ್ಮೆ ತಡವಾದರೆ ಕೆಲಸವನ್ನೇ ಕೊಡುವುದಿಲ್ಲವೆಂದು ಮುಂಬೈ ಗಿರಾಕಿ ಹೇಳಿಬಿಟ್ಟಿದ್ದ.

ಪುಣೆಯಿಂದ ಬಂದ ನೆಟ್ ಕಂಪನಿಯವನು ಎರಡು ಲೈನುಗಳ ದರ ಇಂಗ್ಲಿಷಿನಲ್ಲಿ ವಿವರಿಸಿದ. ಕಾಕಾ ಮಲಗಿದರೆಂದು ದನಿ ತಗ್ಗಿಸಿದ. ಅಗ್ಗದ ಲೈನು ಊರಿಗೆಲ್ಲ ಹಂಚಿದ್ದು, ತುಟ್ಟಿಯದು ನಮಗೊಬ್ಬರಿಗೇ ಎಂದು ನಾನು ಕನ್ನಡದಲ್ಲಿ ತಡವರಿಸಿದೆ.

"ತಿಳೀತ್ ಬಿಡವ್ವ," ಎಂದರು ಕಾಕಾ. "ನಮ್ಮ ಹೊಲ ಕಾಲುವಿ ತುದಿಗೈತಿ. ಮ್ಯಾಲಿನವ್ರು ಹಾಯಿಸ್ಕೊಂಡ್ರ ನಮಗೇನ್ ಬರತೈತಿ? ತುಟ್ಟೀದಽ ಹಾಕಂತ ಹೇಳು."

ಸಹಿಯಾಯಿತು.

"ರಾತ್ರಿ ನಾವು ಬಳಸಂಗಿಲ್ಲಲ್ಲ, ಆ ನೆಟ್ ಎಲ್ಲಾ ತುಂಬಿಸಿಟ್ಟು ಮರುದಿನ ಸಂಜೀಕ ಬಿಡ್ರಿ ಅಂತ ಸಾಹೇಬ್ರಿಗೆ ಹೇಳವ್ವ."

ಸಾಹೇಬ ಇಂಗ್ಲಿಷಿಗಾಗಿ ನನ್ನ ಮುಖ ನೋಡಿದ. ನಾನು ಚಹಾ ಹೇಳಿ ಬರಲು ಎದ್ದೆ.